‘ಈಗ ಮಾತಾಡಬಹುದಾ?’: ಒಂದು ಸಹಾಯವಾಣಿಯ ರಿವ್ಯೂ

ಸಹಾಯವಾಣಿಗೆ ಯಾರಾದರೂ ರಿವ್ಯೂ ಬರೀತಾರಾ ಅಂತ ನೀವು ಕೇಳಬಹುದು. ಮಿಕ್ಸಿಗೆ ಬರೆಯುತ್ತೇವೆ, ಚಪ್ಪಲಿಗೆ ಬರೆಯುತ್ತೇವೆ, ಚಾರ್ಜರ್ ಎರಡು ದಿನ ತಡವಾಗಿ ಬಂದರೆ ಮೂರು ಪ್ಯಾರಾ ಬೈದು ಹಾಕುತ್ತೇವೆ. ಮನೆಯೊಳಗೆ ಏಟು ತಿನ್ನುವವರು ಜೀವ ಬಿಗಿಹಿಡಿದು ಫೋನ್ ಮಾಡುವ ಜಾಗ ಹೇಗಿದೆ ಅಂತ ಮಾತ್ರ ಯಾರೂ ಬರೆಯುವುದಿಲ್ಲ. ಬರೆಯುವ ಸ್ಥಿತಿಯಲ್ಲಿ ಅವರು ಇರುವುದಿಲ್ಲ, ಅದೂ ನಿಜವೇ. ನಾನು ಇದ್ದೇನೆ, ಅದಕ್ಕೆ ಬರೆಯುತ್ತಿದ್ದೇನೆ.

ನಾನು ಫೋನ್ ಮಾಡಿದ್ದು ನನ್ನ ಚಿಕ್ಕಮ್ಮನ ಮಗಳಿಗಾಗಿ. ಇದೆಲ್ಲ ಮುಗಿದು ಕೆಲವು ವರ್ಷಗಳಾಗಿವೆ, ಅವಳು ಈಗ ಬೇರೆ ಇದ್ದಾಳೆ, ಈ ಬರಹವನ್ನು ಎಲ್ಲರಿಗಿಂತ ಮೊದಲು ಅವಳೇ ಓದಿ, ಎರಡು ಕಡೆ ಅಳಿಸಿ, "ಸರಿ ಅಕ್ಕಾ, ಹಾಕು" ಅಂದಿದ್ದಾಳೆ. ಸೇವೆಗಳ ಹೆಸರನ್ನು ಬೇಕಂತಲೇ ಬಿಟ್ಟಿದ್ದೇನೆ. ಕೆಟ್ಟದ್ದರ ಹೆಸರು ಹೇಳಿ ಜಗಳಕ್ಕಿಳಿಯುವ ಆಸೆ ನನಗಿಲ್ಲ. ಒಳ್ಳೆಯದರ ಹೆಸರು ಯಾಕೆ ಹೇಳುತ್ತಿಲ್ಲ ಅಂದರೆ, ಅವಳ ಗಂಡನಂಥವರೂ ಇದನ್ನು ಓದುತ್ತಾರೆ.

ಮೊದಲು ಸಿಕ್ಕಿದ ನಂಬರಿನ ಕಥೆ ಬೇಗ ಮುಗಿಸಿಬಿಡುತ್ತೇನೆ. ಎರಡನೇ ರಿಂಗಿಗೇ ಎತ್ತಿದರು. ಅಬ್ಬಾ ಅನ್ನಿಸಿತು. ನಾನು ನಾಲ್ಕು ಮಾತು ಹೇಳುವಷ್ಟರಲ್ಲಿ ಆ ಕಡೆಯ ಹೆಂಗಸು ಕೇಳಿದ ಮೊದಲ ಪ್ರಶ್ನೆ, "ಅಷ್ಟು ಕಷ್ಟ ಇದ್ದರೆ ಇಷ್ಟು ವರ್ಷ ಯಾಕಮ್ಮ ಜೊತೆಗಿದ್ದಳು?" ಆಮೇಲೆ, "ಅವಳು ಎದುರು ಮಾತಾಡ್ತಾಳಾ?" ಕೊನೆಗೆ ಅದೇ ಹಳೇ ಗಾದೆ, ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ. ಗಂಡನನ್ನೂ ಕರೆದುಕೊಂಡು ಬನ್ನಿ, ಇಬ್ಬರನ್ನೂ ಎದುರುಬದುರು ಕೂರಿಸಿ ಮಾತಾಡಿಸ್ತೀವಿ ಅಂದರು. ಜಗಳ ಅಂದರೆ ಇಬ್ಬರೂ ಕೂಗುತ್ತಾರೆ. ಅವಳ ಮನೆಯಲ್ಲಿ ಒಬ್ಬ ಕೂಗುತ್ತಿದ್ದ, ಇನ್ನೊಬ್ಬಳು ಅವನ ಗಾಡಿಯ ಸದ್ದು ಕೇಳಿದ ಕೂಡಲೇ ಟಿವಿ ಆರಿಸಿ ಮಗುವಿನ ಆಟದ ಸಾಮಾನು ಮಂಚದ ಕೆಳಗೆ ತಳ್ಳುತ್ತಿದ್ದಳು. ಅಂಥವಳನ್ನು ಅವನ ಪಕ್ಕದಲ್ಲೇ ಕೂರಿಸಿ "ಏನಾಯ್ತು ಹೇಳಮ್ಮ" ಅಂದರೆ ಏನು ಹೇಳುತ್ತಾಳೆ? ಏನೂ ಆಗಿಲ್ಲ ಅನ್ನುತ್ತಾಳೆ. ನಿಜ ಹೇಳಿದರೆ ಅದರ ಲೆಕ್ಕವನ್ನು ಮನೆಗೆ ಹೋದ ಮೇಲೆ ಅವಳೇ ತೀರಿಸಬೇಕು. ಹೊಡೆತ ಇರುವ ಕಡೆ ಇಬ್ಬರನ್ನೂ ಒಟ್ಟಿಗೆ ಕೂರಿಸಿ ಮಾತಾಡಿಸುವುದು ಅಪಾಯ ಅನ್ನೋದು ಈ ಕೆಲಸದಲ್ಲಿ ಇರುವವರಿಗೆಲ್ಲ ಗೊತ್ತಿರಬೇಕಾದ ವಿಷಯ. ಅವರಿಗೆ ಗೊತ್ತಿರಲಿಲ್ಲ. ಐದಕ್ಕೆ ಒಂದು ಸ್ಟಾರ್, ಅದೂ ಬೇಗ ಫೋನ್ ಎತ್ತಿದ್ದಕ್ಕೆ.

ಎರಡನೇ ಸೇವೆಯೇ ಈ ರಿವ್ಯೂ. ಅಲ್ಲಿ ಫೋನ್ ಎತ್ತಲು ಇಪ್ಪತ್ತು ನಿಮಿಷ ತೆಗೆದುಕೊಂಡರು. ಇಪ್ಪತ್ತು ನಿಮಿಷ! ಕಾಯುವಾಗ ಒಂದು ಕೊಳಲಿನ ಟ್ಯೂನು ಬೇರೆ. ನನಗೆ ಕಾಯುವುದು ಕಷ್ಟವಲ್ಲ, ನನ್ನ ಮನೆಯಲ್ಲಿ ನಾನು ಕೂತಿದ್ದೆ. ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಫೋನ್ ಮಾಡುವವಳಿಗೆ ಇಪ್ಪತ್ತು ನಿಮಿಷ ಎಲ್ಲಿಂದ ಬರುತ್ತದೆ? ಒಂದು ಸ್ಟಾರ್ ಅಲ್ಲೇ ಕತ್ತರಿಸಿದ್ದೇನೆ, ವಾಪಸ್ ಕೊಡುವುದಿಲ್ಲ.

ಆದರೆ ಎತ್ತಿದವರು ಕೇಳಿದ ಮೊದಲ ಪ್ರಶ್ನೆ ಇದು: "ನಮಸ್ಕಾರ, ನೀವು ಈಗ ಮಾತಾಡಬಹುದಾ? ಸುತ್ತ ಯಾರಾದರೂ ಇದ್ದಾರಾ?" ಎರಡನೆಯದು, "ಮಧ್ಯದಲ್ಲಿ ಫೋನ್ ಕಟ್ ಆದರೆ ನಾನು ವಾಪಸ್ ಮಾಡಲಾ, ಬೇಡವಾ? ಬೇರೆಯವರು ಎತ್ತಿದರೆ ಯಾರು ಅಂತ ಹೇಳಲಿ?" ನನ್ನ ಹೆಸರು, ಅವಳ ಹೆಸರು, ಮದುವೆಯಾಗಿ ಎಷ್ಟು ವರ್ಷ, ಯಾವುದೂ ಇನ್ನೂ ಕೇಳಿರಲಿಲ್ಲ. ಒಂದು ಸೇವೆ ಒಳ್ಳೆಯದೋ ಕೆಟ್ಟದ್ದೋ ಅಂತ ತಿಳಿಯಲು ನನಗೆ ಈಗ ಇಷ್ಟೇ ಸಾಕು, ಅವರ ಮೊದಲ ಪ್ರಶ್ನೆ ಯಾವುದು ಅನ್ನೋದು. ಮೊದಲ ಪ್ರಶ್ನೆ ಅವಳ ತಪ್ಪು ಹುಡುಕುತ್ತಿದೆಯಾ, ಅವಳ ಸುರಕ್ಷತೆ ಹುಡುಕುತ್ತಿದೆಯಾ?

ನಾನು ತಂಗಿಯ ಪರವಾಗಿ ಮಾತಾಡುತ್ತಿದ್ದೇನೆ ಅಂದೆ. ಹಾಗೆ ಮಾಡುವವರು ತುಂಬಾ ಜನ ಅಂತೆ. ಅಕ್ಕ, ಸಹೋದ್ಯೋಗಿ, ಪಕ್ಕದ ಮನೆಯವರು, ಕೆಲವು ಸಲ ಮಕ್ಕಳೇ. ಅವರು ಎಲ್ಲ ಕೇಳಿಸಿಕೊಂಡು ಕೊನೆಗೆ ಹೇಳಿದ ಮಾತು ನನಗೆ ಆವತ್ತು ಹಿಡಿಸಲಿಲ್ಲ. "ನಿಮಗೆ ಕೋಪ ಬಂದಿದೆ, ಅದು ಸಹಜ. ಆದರೆ ತೀರ್ಮಾನ ಅವರದ್ದು, ಅದನ್ನ ನೀವು ಅವರ ಕೈಯಿಂದ ಕಿತ್ತುಕೊಳ್ಳಬೇಡಿ. ಅವರ ಮನೆಯಲ್ಲಿ ಈಗಾಗಲೇ ಒಬ್ಬರು ಅದನ್ನೇ ಮಾಡ್ತಿದ್ದಾರೆ." ನಾನು ಆ ವಾರಾಂತ್ಯಕ್ಕೆ ಗಾಡಿ ತೆಗೆದುಕೊಂಡು ಹೋಗಿ ಅವಳನ್ನು ಎತ್ತಿಕೊಂಡು ಬರುವ ಪ್ಲಾನ್ ಹಾಕಿದ್ದೆ. ಇವರು ನೋಡಿದರೆ ಕಾಯಿರಿ ಅನ್ನುತ್ತಿದ್ದಾರಲ್ಲ ಅಂತ ಸಿಟ್ಟು ಬಂತು.

ಕಾರಣ ಕೇಳಿದೆ. ಬಿಟ್ಟು ಹೊರಡುವ ಹೊತ್ತು, ಹೊರಟ ಮೇಲಿನ ಮೊದಲ ಕೆಲವು ವಾರ ಮತ್ತು ತಿಂಗಳು, ಇವೇ ಜಾಸ್ತಿ ಅಪಾಯದ ಕಾಲ ಅಂದರು. ಹಿಡಿತ ತಪ್ಪುತ್ತಿದೆ ಅಂತ ಗೊತ್ತಾದಾಗಲೇ ಅವನು ಕೈಮೀರಿ ಹೋಗುವುದು. "ಬಿಟ್ಟು ಬಾ" ಅಂತ ಹೊರಗಿನಿಂದ ಹೇಳುವುದು ಸುಲಭ. ಯಾವಾಗ, ಎಲ್ಲಿಗೆ, ಯಾರ ಜೊತೆ, ಕೈಯಲ್ಲಿ ಏನು ಹಿಡಿದು ಅಂತ ಯೋಚಿಸದೆ ಹೇಳಿದರೆ ಅದು ಸಲಹೆಯಾಗುವುದಿಲ್ಲ. ನಾನು ಗಾಡಿ ತೆಗೆದುಕೊಂಡು ಹೋಗಿದ್ದರೆ ಏನಾಗುತ್ತಿತ್ತು ಅಂತ ಈಗಲೂ ಕೆಲವು ರಾತ್ರಿ ಯೋಚನೆ ಬರುತ್ತದೆ.

ತಂಗಿ ತಾನೇ ಫೋನ್ ಮಾಡಿದ್ದು ಒಂದೂವರೆ ತಿಂಗಳ ನಂತರ, ನನ್ನ ಫೋನಿನಿಂದ. ನಾನು ಪಕ್ಕದ ಕೋಣೆಯಲ್ಲಿದ್ದೆ. ಆಮೇಲೆ ಅವಳು ಹೇಳಿದ್ದರ ಮೇಲೆ ಇದನ್ನು ಬರೆಯುತ್ತಿದ್ದೇನೆ.

"ನನಗೆ ಆಗ್ತಿರೋದು ಅಂಥದ್ದೇನಲ್ಲ" ಅಂತಲೇ ಅವಳು ಶುರುಮಾಡಿದಳಂತೆ. ಅವನು ಹೊಡೆದಿದ್ದು ಒಟ್ಟು ಮೂರೋ ನಾಲ್ಕೋ ಸಲ. ಉಳಿದಂತೆ ಸಂಬಳದ ಕಾರ್ಡು ಅವನ ಹತ್ತಿರ, ಫೋನಿನ ಪಾಸ್‌ವರ್ಡ್ ಅವನಿಗೆ ಗೊತ್ತು, ಅಂಗಡಿಗೆ ಹೋಗಿ ಬರಲು ಇಂತಿಷ್ಟು ನಿಮಿಷ ಅಂತ ಲೆಕ್ಕ, ಗೆಳತಿಯರು ಒಬ್ಬೊಬ್ಬರಾಗಿ ದೂರವಾದರು, ನನ್ನ ಜೊತೆ ಮಾತಾಡುವುದೂ ಸ್ಪೀಕರ್ ಹಾಕಿ. ಕೌನ್ಸೆಲರ್ ಇದಕ್ಕೆ ಒಂದು ಹೆಸರು ಇದೆ ಅಂದರು, ಬಲವಂತದ ಹಿಡಿತ. 1980ರ ದಶಕದಲ್ಲಿ ಅಮೆರಿಕದ ಡುಲುತ್ ಎಂಬ ಊರಿನಲ್ಲಿ ಏಟು ತಿಂದ ಹೆಂಗಸರ ಜೊತೆ ಕೂತು, ಅವರು ಹೇಳಿದ್ದನ್ನೆಲ್ಲ ಸೇರಿಸಿ ಒಂದು ಚಕ್ರದ ಚಿತ್ರ ಮಾಡಿದ್ದರು. ನಡುವೆ ಅಧಿಕಾರ ಮತ್ತು ಹಿಡಿತ, ಅರೆಗಳ ನಡುವೆ ಬೆದರಿಕೆ, ದುಡ್ಡು, ಮಕ್ಕಳನ್ನು ಮುಂದಿಟ್ಟುಕೊಳ್ಳುವುದು, ಒಂಟಿ ಮಾಡುವುದು, ‘ನಾನೆಲ್ಲಿ ಹೊಡೆದೆ, ನೀನೇ ಬಿದ್ದೆ’ ಅನ್ನುವುದು. ಹೊಡೆತ ಇರುವುದು ಹೊರಗಿನ ಅಂಚಿನಲ್ಲಿ, ಬಂಡಿ ಚಕ್ರಕ್ಕೆ ಹಾಕಿದ ಕಬ್ಬಿಣದ ಪಟ್ಟಿಯ ಹಾಗೆ. ವರ್ಷಕ್ಕೊಮ್ಮೆ ಏಟು ಬಿದ್ದರೂ ಸಾಕು, ಒಳಗಿನದೆಲ್ಲ ಬಿಗಿಯಾಗಿ ನಿಲ್ಲುತ್ತದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2015ರಿಂದ ಈ ಹಿಡಿತವೇ ಒಂದು ಅಪರಾಧ, ಮೈಮೇಲೆ ಗಾಯ ಇರಲೇಬೇಕು ಅಂತಿಲ್ಲ. ತಂಗಿ ಆ ಚಿತ್ರ ನೋಡಿ ತುಂಬ ಹೊತ್ತು ಸುಮ್ಮನಿದ್ದು, "ಇದನ್ನ ಯಾರೋ ನಮ್ಮನೇಲಿ ಕೂತು ಬರೆದಹಾಗಿದೆ ಅಕ್ಕಾ" ಅಂದಳು.

ಇನ್ನೊಂದು ವಿಷಯಕ್ಕೆ ಈ ಸೇವೆಗೆ ಪೂರ್ತಿ ಅಂಕ. ಮಾತಿನ ನಡುವೆ ಕೌನ್ಸೆಲರ್ ಮೆತ್ತಗೆ ಕೇಳಿದರು, ಯಾವತ್ತಾದರೂ ಕತ್ತು ಹಿಸುಕಿದ್ದಾನಾ? ತಂಗಿ ಅದನ್ನು ನನಗೂ ಹೇಳಿರಲಿಲ್ಲ. ಒಂದು ಸಲ, ಸ್ವಲ್ಪ ಹೊತ್ತು, ಆಮೇಲೆ ಬಿಟ್ಟ, ಗುರುತೂ ಉಳಿಯಲಿಲ್ಲ, ಅದಕ್ಕೇ ಅವಳಿಗೆ ಅದು ದೊಡ್ಡದು ಅನ್ನಿಸಿರಲಿಲ್ಲ. ಅಲ್ಲಿಂದ ಅವರ ದನಿಯೇ ಬದಲಾಯಿತಂತೆ. ಕತ್ತು ಹಿಸುಕಿದವನು ಮುಂದೆ ಕೊಲ್ಲುವ ಸಾಧ್ಯತೆ ಸುಮಾರು ಏಳು ಪಟ್ಟು ಜಾಸ್ತಿ ಅಂತ 2008ರ ಒಂದು ಅಧ್ಯಯನ ತೋರಿಸಿದೆ. ಹೊರಗೆ ಗುರುತು ಇಲ್ಲದಿದ್ದರೂ ಒಳಗೆ ರಕ್ತನಾಳಕ್ಕೆ ಪೆಟ್ಟಾಗಿ ದಿನಗಳ ನಂತರ ಪಾರ್ಶ್ವವಾಯು ಆಗಬಹುದು, ಅಂಥದ್ದು ನಡೆದರೆ ಕೂಡಲೇ ವೈದ್ಯರಿಗೆ ತೋರಿಸಬೇಕು. ಜಾಕ್ವೆಲಿನ್ ಕ್ಯಾಂಪ್‌ಬೆಲ್ ಅನ್ನುವ ನರ್ಸ್ 1980ರ ದಶಕದಲ್ಲೇ ಇಂಥ ಪ್ರಶ್ನೆಗಳ ಪಟ್ಟಿ ಮಾಡಿದ್ದಾರೆ, ಈಗಲೂ ಎಷ್ಟೋ ಕಡೆ ಅದನ್ನೇ ಬಳಸುತ್ತಾರೆ. ಮನೆಯಲ್ಲಿ ಬಂದೂಕು ಇದೆಯಾ, ಕೊಲ್ಲುತ್ತೇನೆ ಅಂದಿದ್ದಾನಾ, ಬಸುರಿಯಾಗಿದ್ದಾಗ ಹೊಡೆದಿದ್ದಾನಾ, ಹಿಂಬಾಲಿಸುತ್ತಾನಾ. ಪ್ರಶ್ನೆ ಕೇಳುವ ಮೊದಲು ಒಂದು ಕ್ಯಾಲೆಂಡರ್ ಕೊಟ್ಟು ಕಳೆದ ಒಂದು ವರ್ಷದಲ್ಲಿ ಯಾವ ಯಾವ ದಿನ ಏನಾಯಿತು ಅಂತ ಗುರುತು ಹಾಕಿಸುತ್ತಾರೆ. ‘ಮೂರೋ ನಾಲ್ಕೋ ಸಲ’ ಅಂದಿದ್ದಳಲ್ಲ? ಗುರುತು ಹಾಕಿದಾಗ ಹದಿನೇಳು ಆಯಿತು.

ಇನ್ನು ವೆಬ್‌ಸೈಟ್. ಮೂಲೆಯಲ್ಲಿ ಒಂದು ದೊಡ್ಡ ಕೆಂಪು ಗುಂಡಿ, ಒತ್ತಿದರೆ ಆ ಪುಟ ಮಾಯವಾಗಿ ಹವಾಮಾನದ ಪುಟ ಬರುತ್ತದೆ. ಚೆನ್ನಾಗಿದೆ. ಆದರೆ ಆ ಗುಂಡಿ ಹಿಸ್ಟರಿ ಅಳಿಸುವುದಿಲ್ಲ, ಇದನ್ನು ಅವರು ಸಣ್ಣ ಅಕ್ಷರದಲ್ಲಿ ಪುಟದ ತಳದಲ್ಲಿ ಹಾಕಿದ್ದಾರೆ. ಮೇಲೆ ಹಾಕಬೇಕಿತ್ತು. ನಾನು ಮೇಲ್ ಬರೆದು ಹೇಳಿದೆ, ಉತ್ತರ ಬಂತು, ಬದಲಾವಣೆ ಬರಲಿಲ್ಲ. ಚಾಟ್ ಸೌಲಭ್ಯ ಇದೆ, ಮಾತಾಡಲು ಆಗದವರಿಗೆ ಅದೇ ದೊಡ್ಡ ಉಪಕಾರ, ಆದರೆ ರಾತ್ರಿ ಹತ್ತಕ್ಕೆ ಬಂದ್. ರಾತ್ರಿ ಹತ್ತರ ನಂತರವೇ ಅಲ್ವಾ ಬೇಕಾಗುವುದು?

ಸುರಕ್ಷತಾ ಆ್ಯಪ್ ಒಂದಿದೆ, ಕ್ಯಾಲ್ಕುಲೇಟರ್ ತರಹ ಕಾಣುತ್ತದೆ, ಅಂತ ಯಾರೋ ಹೇಳಿದ್ದರಿಂದ ನಾನೇ ಮೊದಲು ನನ್ನ ಫೋನಿಗೆ ಹಾಕಿ ನೋಡಿದೆ. ಚೆಂದದ ಐಡಿಯಾ. ಎರಡನೇ ದಿನ ಪರದೆಯ ಮೇಲೆ ‘ನೀವು ಸುರಕ್ಷಿತವಾಗಿದ್ದೀರಾ?’ ಅಂತ ನೋಟಿಫಿಕೇಶನ್ ಬಂತು. ಕ್ಯಾಲ್ಕುಲೇಟರ್ ಹಾಗೆ ಕೇಳುತ್ತದಾ! ಅಲ್ಲಿಗೆ ತೆಗೆದುಹಾಕಿದೆ. ಕೌನ್ಸೆಲರ್‌ಗೆ ಹೇಳಿದಾಗ ಅವರೂ ನಕ್ಕರು, ಆಮೇಲೆ ಗಂಭೀರವಾಗಿ ಹೇಳಿದರು, ಅವನು ನೋಡುವ ಫೋನಿನಲ್ಲಿ ಏನೂ ಬೇಡ, ಅವನಿಗೆ ಗೊತ್ತಿಲ್ಲದ ಫೋನ್ ಬಳಸಿ. ಫೋನಿನಲ್ಲಿ ಕದ್ದು ನೋಡುವ ಆ್ಯಪ್ ಇದೆ ಅಂತ ಅನುಮಾನ ಬಂದರೂ ತಕ್ಷಣ ಕಿತ್ತುಹಾಕಬೇಡಿ, ಕಿತ್ತ ಗಳಿಗೆಯಲ್ಲೇ ಅವನಿಗೆ ಗೊತ್ತಾಗುತ್ತದೆ, ಮುಂದೆ ಅದು ಸಾಕ್ಷಿಯೂ ಆಗಬಹುದು. ನಾನಾಗಿದ್ದರೆ ಮೊದಲು ಅದನ್ನೇ ಮಾಡುತ್ತಿದ್ದೆ.

ಕೈಸನ್ನೆಯೊಂದನ್ನೂ ಕಲಿಸಿದರು. ಅಂಗೈ ಎದುರಿಗೆ ತೋರಿಸಿ, ಹೆಬ್ಬೆರಳು ಒಳಗೆ ಮಡಚಿ, ಉಳಿದ ನಾಲ್ಕು ಬೆರಳು ಅದರ ಮೇಲೆ ಮುಚ್ಚುವುದು. ಕೋವಿಡ್ ಲಾಕ್‌ಡೌನ್ ಹೊತ್ತಿಗೆ, 2020ರಲ್ಲಿ, ಕೆನಡಾದ ಒಂದು ಮಹಿಳಾ ಸಂಸ್ಥೆ ವಿಡಿಯೋ ಕಾಲ್‌ಗಾಗಿ ಹೊರತಂದಿದ್ದು. ಈಗ ಅದು ಎಷ್ಟು ಹರಡಿದೆ ಅಂದರೆ ಗಂಡನಿಗೂ ಗೊತ್ತಿರಬಹುದು. ಹಾಗಾಗಿ ನಾವಿಬ್ಬರೇ ಒಂದು ಮಾತು ಮಾಡಿಕೊಂಡೆವು. ಅವಳು "ಆ ಹಸಿರು ಛತ್ರಿ ನಿನ್ನ ಹತ್ತಿರ ಇದೆಯಾ?" ಅಂತ ಕೇಳಿದರೆ ನಾನು ಪೊಲೀಸರಿಗೆ ಫೋನ್ ಮಾಡಬೇಕು, ಅವಳಿಗೆ ವಾಪಸ್ ಮಾಡಬಾರದು. ಆ ಛತ್ರಿ ನಮ್ಮಿಬ್ಬರ ಹತ್ತಿರವೂ ಇರಲಿಲ್ಲ.

ಆಶ್ರಯ ಮನೆಯ ಬಗ್ಗೆಯೂ ಹೇಳಬೇಕು, ಯಾಕೆಂದರೆ ಅವಳು ಕೊನೆಗೆ ಆರು ವಾರ ಅಲ್ಲಿದ್ದಳು. ವಿಳಾಸ ನನಗೂ ಗೊತ್ತಿಲ್ಲ, ಇವತ್ತಿಗೂ. ಹಾಗೇ ಇರಬೇಕು. ಒಂದು ಕೋಣೆಯಲ್ಲಿ ಎರಡು ಸಂಸಾರ, ಸದ್ದು ಜಾಸ್ತಿ, ನಿದ್ದೆ ಕಡಿಮೆ, ಬಿಸಿನೀರಿಗೆ ಸರದಿ. ಸ್ವಲ್ಪ ದೊಡ್ಡ ಗಂಡುಮಕ್ಕಳಿರುವ ತಾಯಂದಿರಿಗೆ ಜಾಗ ಸಿಗುವುದು ಕಷ್ಟ, ಎಷ್ಟೋ ಕಡೆ ಇದೇ ನಿಯಮವಂತೆ. ಮಗನನ್ನು ಬಿಟ್ಟು ಬರಲಾರೆ ಅಂತ ವಾಪಸ್ ಹೋದವರನ್ನು ಅವಳು ಅಲ್ಲಿ ನೋಡಿದ್ದಾಳೆ. ಇದನ್ನು ನಾನು ಆ ಒಂದು ಸಂಸ್ಥೆಯ ತಪ್ಪು ಅನ್ನುವುದಿಲ್ಲ, ಆದರೆ ತಪ್ಪೇ. 1971ರಲ್ಲಿ ಎರಿನ್ ಪಿಜ್ಜಿ ಲಂಡನ್ನಿನ ಚಿಸ್ವಿಕ್‌ನಲ್ಲಿ ತೆರೆದ ಮನೆಯನ್ನು ಈ ಕಾಲದ ಆಶ್ರಯ ಮನೆಗಳಲ್ಲಿ ಮೊದಲನೆಯದು ಅನ್ನುತ್ತಾರೆ, ಅದು ಕಿಕ್ಕಿರಿದು ತುಂಬಿದರೂ ಬಂದವರಿಗೆ ಬಾಗಿಲು ಮುಚ್ಚಲಿಲ್ಲ. ಅಷ್ಟು ವರ್ಷವಾದರೂ ಜಾಗದ ಸಮಸ್ಯೆ ಹಾಗೇ ಇದೆ ನೋಡಿ. ಇನ್ನು ವಕೀಲರನ್ನು ಅವರೇ ಗೊತ್ತು ಮಾಡಿದರು, ಅವನು ಹತ್ತಿರ ಬರಬಾರದು ಅಂತ ಕೋರ್ಟಿನಿಂದ ಆದೇಶವೂ ಸಿಕ್ಕಿತು. ಒಂದು ಪೈಸೆ ಕೇಳಲಿಲ್ಲ.

ಗಂಡಸರಿಗೂ ಹೀಗಾಗುತ್ತದೆ, ಅವರ ಫೋನ್ ತೆಗೆದುಕೊಳ್ತೀರಾ ಅಂತ ಕೇಳಿದೆ. ತೆಗೆದುಕೊಳ್ಳುತ್ತಾರೆ, ಆದರೆ ಅವರಿಗೆ ಇಳಿದುಕೊಳ್ಳುವ ಜಾಗ ಇಲ್ಲ.

ಪ್ರಚಾರದಲ್ಲಿ ಇವರು ತೀರಾ ಹಿಂದೆ. ಪ್ರತಿ ನವೆಂಬರ್ 25ಕ್ಕೆ ಒಂದು ಪೋಸ್ಟರ್ ಹಾಕುತ್ತಾರೆ, ಮಹಿಳೆಯರ ಮೇಲಿನ ಹಿಂಸೆಯ ವಿರುದ್ಧದ ದಿನ ಅದು. 1960ರಲ್ಲಿ ಡೊಮಿನಿಕನ್ ರಿಪಬ್ಲಿಕ್‌ನಲ್ಲಿ ಸರ್ವಾಧಿಕಾರಿಯ ಆಳುಗಳು ಕೊಂದ ಮಿರಾಬಾಲ್ ಅಕ್ಕತಂಗಿಯರ ನೆನಪಿಗೆ ಆರಿಸಿದ ದಿನ, 1999ರಲ್ಲಿ ವಿಶ್ವಸಂಸ್ಥೆ ಘೋಷಿಸಿತು. ಪೋಸ್ಟರಿನಲ್ಲಿ ಏನಿರುತ್ತದೆ ಹೇಳಿ? ಕಣ್ಣು ಊದಿದ ಹೆಂಗಸು. ಯಾವಾಗಲೂ ಅದೇ. ಕಣ್ಣು ಊದದವಳು ಅದನ್ನು ನೋಡಿ, ಇದು ನನಗಲ್ಲ ಅಂತ ಮುಂದೆ ಹೋಗುತ್ತಾಳೆ. ತಂಗಿ ಅಂಥ ಪೋಸ್ಟರಿನ ಮುಂದೆ ಎರಡು ವರ್ಷ ದಿನಾ ಓಡಾಡಿದ್ದಾಳೆ. ಜಗತ್ತಿನಲ್ಲಿ ಮೂವರಲ್ಲಿ ಒಬ್ಬ ಹೆಂಗಸು ಬದುಕಿನಲ್ಲಿ ಒಮ್ಮೆಯಾದರೂ ದೈಹಿಕ ಅಥವಾ ಲೈಂಗಿಕ ಹಿಂಸೆಗೆ ಸಿಕ್ಕಿರುತ್ತಾಳೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ, ಆ ಮೂವರಲ್ಲಿ ಒಬ್ಬಳು ಪೋಸ್ಟರಿನವಳ ಹಾಗೆ ಕಾಣುವುದಿಲ್ಲ, ಆಫೀಸಿಗೆ ಇಸ್ತ್ರಿ ಬಟ್ಟೆ ಹಾಕಿಕೊಂಡು ಬರುತ್ತಾಳೆ. ಸಂಬಳದ ಕಾರ್ಡು ಯಾರ ಹತ್ತಿರ ಇದೆ ಅಂತ ಕೇಳುವ ಪೋಸ್ಟರ್ ಮಾಡಿ. ಅದನ್ನು ಹೆಂಗಸರ ಶೌಚಾಲಯದ ಬಾಗಿಲ ಒಳಗಡೆ ಅಂಟಿಸಿ. ಗಂಡ ಜೊತೆಗೆ ಬರದ ಜಾಗ ಅದೊಂದೇ.

ಕೊನೆಗೆ ಒಟ್ಟು ಲೆಕ್ಕ, ಐದಕ್ಕೆ ನಾಲ್ಕು. ಕಾಯಿಸಿದ್ದಕ್ಕೆ ಒಂದು ಹೋಯಿತು, ಪೋಸ್ಟರಿಗೆ ಅರ್ಧ ಹೋಗಬೇಕಿತ್ತು, ಅದನ್ನು ಆ ಕತ್ತಿನ ಪ್ರಶ್ನೆಗೆ ಮಾಫಿ ಮಾಡಿದ್ದೇನೆ.

ಹಾಂ, ಬ್ಯಾಗಿನ ವಿಷಯ ಬಿಟ್ಟೇಹೋಗಿತ್ತು. ತುರ್ತಿಗೆ ಒಂದು ಬ್ಯಾಗ್ ಸಿದ್ಧವಾಗಿರಲಿ, ಆದರೆ ಅವಳ ಮನೆಯಲ್ಲಿ ಬೇಡ ಅಂದಿದ್ದರು. ಮೂಲ ದಾಖಲೆಗಳು, ಸಾಧ್ಯವಾಗದಿದ್ದರೆ ನಕಲು, ಸ್ವಲ್ಪ ನಗದು, ಮಾತ್ರೆಗಳು, ಮನೆಯ ಇನ್ನೊಂದು ಬೀಗದಕೈ, ಮಗಳಿಗೆ ಒಂದು ಗೊಂಬೆ, ಎರಡು ಜೊತೆ ಬಟ್ಟೆ, ಒಂದು ಜೊತೆ ಶೂ. ಅವಳು ಒಂದೊಂದಾಗಿ ತಂದು ಕೊಡುತ್ತಿದ್ದಳು, ನಾನು ನನ್ನ ಬೀರುವಿನಲ್ಲಿ ತುಂಬುತ್ತಿದ್ದೆ. ಮೂರು ಸಲ ಹೊರಡುತ್ತೇನೆ ಅಂದಳು, ಮೂರು ಸಲವೂ ನಿಂತಳು. ಪ್ರತಿ ಸಲವೂ ಆ ಕೌನ್ಸೆಲರ್ "ಪರವಾಗಿಲ್ಲ, ಮತ್ತೆ ಯಾವಾಗ ಫೋನ್ ಮಾಡಲಿ?" ಅಂತ ಮಾತ್ರ ಕೇಳಿದರು. ಬ್ಯಾಗ್ ನನ್ನ ಹತ್ತಿರ ಹದಿನಾಲ್ಕು ತಿಂಗಳಿತ್ತು. ಅಷ್ಟರಲ್ಲಿ ಮಗಳ ಶೂ ಎರಡು ಸಲ ಬದಲಾಯಿಸಬೇಕಾಯಿತು. ಹೊರಟ ದಿನ ಮೂರನೇ ಜೊತೆಯೂ ಸ್ವಲ್ಪ ಬಿಗಿಯಾಗಿತ್ತಂತೆ.